ಸರ್ವಜ್ಞ ನಿರೂಪಣೆ ಎಲ್ಲಿ ಕೆಟ್ಟಿದೆ? ಲಕ್ಷಣ ನೋಡಿ ದೋಷ ಹಿಡಿಯುವ ಕೈಪಿಡಿ

ಕರಡು ಓದಿದ ಗೆಳೆಯರು ಸಾಮಾನ್ಯವಾಗಿ ದೋಷದ ಹೆಸರು ಹೇಳುವುದಿಲ್ಲ. ‘ಚೆನ್ನಾಗಿದೆ, ಆದ್ರೆ ಎಲ್ಲೋ ಗೊಂದಲ ಆಯ್ತು’ ಅನ್ನುತ್ತಾರೆ. ‘ಆ ಹೆಂಗಸು ಮನಸ್ಸಿಗೆ ಇಳೀಲಿಲ್ಲ’ ಅನ್ನುತ್ತಾರೆ. ಇನ್ನೂ ಮುಲಾಜಿನವರಾದರೆ ‘ಇನ್ನೊಂದು ಸಲ ಓದ್ತೀನಿ’ ಎಂದು ಹೇಳಿ ಓದುವುದೇ ಇಲ್ಲ. ಈ ಕೈಪಿಡಿ ಅಂಥ ಮಾತುಗಳಿಂದಲೇ ಶುರುವಾಗುತ್ತದೆ. ನಿಮ್ಮ ಕಥೆಗೆ ಹೊಂದುವ ಲಕ್ಷಣ ಯಾವುದೋ ಅಲ್ಲಿಗೆ ನೇರವಾಗಿ ಹೋಗಬಹುದು. ಆದರೂ ಮೊದಲ ಎರಡು ಪರೀಕ್ಷೆಗಳನ್ನು ಎಲ್ಲರೂ ಮಾಡಿಬಿಡಿ. ಒಂದು ಪೆನ್ಸಿಲು, ಅರ್ಧ ಗಂಟೆ ಸಾಕು, ಮುಕ್ಕಾಲು ಪಾಲು ತೊಂದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಸರ್ವಜ್ಞ ನಿರೂಪಣೆ ಎಂದರೆ ಇಷ್ಟು: ಕಥೆ ಹೇಳುವವನು ಕಥೆಯೊಳಗಿನ ಪಾತ್ರವಲ್ಲ. ಎಲ್ಲರನ್ನೂ ಅವನು, ಅವಳು, ಅವರು ಎಂದೇ ಕರೆಯುತ್ತಾನೆ. ಯಾರ ಮನಸ್ಸಿಗಾದರೂ ಹೊಗಬಲ್ಲ. ಯಾರೂ ಇಲ್ಲದ ಕೋಣೆಯಲ್ಲಿ ಏನಾಯಿತು, ಇಪ್ಪತ್ತು ವರ್ಷದ ನಂತರ ಏನಾಗುತ್ತದೆ, ಎರಡನ್ನೂ ಬಲ್ಲ.

ಪರಿಭಾಷೆಯಲ್ಲೇ ಒಂದು ಗುಂಡಿ ಇದೆ, ಅದನ್ನು ಮೊದಲೇ ದಾಟಿಬಿಡೋಣ. ನಮ್ಮ ವ್ಯಾಕರಣದಲ್ಲಿ ‘ಅವನು, ಅವಳು, ಅದು’ ಪ್ರಥಮ ಪುರುಷ, ‘ನಾನು’ ಉತ್ತಮ ಪುರುಷ. ಇಂಗ್ಲಿಷಿನ ಲೆಕ್ಕದಲ್ಲಿ ‘ನಾನು’ ಮೊದಲನೆಯದು, ‘ಅವನು’ ಮೂರನೆಯದು. ಹಾಗಾಗಿ ‘ಪ್ರಥಮ ಪುರುಷದಲ್ಲಿ ಬರೆದಿದ್ದೀನಿ’ ಎಂದು ಯಾರಾದರೂ ಹೇಳಿದರೆ ಅವರು ಹೇಳಿದ್ದು ಒಂದು, ಕೇಳಿದವರಿಗೆ ಅರ್ಥವಾಗಿದ್ದು ಇನ್ನೊಂದು. ಕಥಾ ಕಮ್ಮಟದಲ್ಲಿ ಇದೇ ಗೊಂದಲದಲ್ಲಿ ಒಂದು ಇಡೀ ಮಧ್ಯಾಹ್ನದ ಚರ್ಚೆ ಹಾಳಾದದ್ದನ್ನು ಕೂತು ನೋಡಿದ್ದೇನೆ. ಇಲ್ಲಿ ‘ನಾನು-ಕಥೆ’, ‘ಅವನು-ಕಥೆ’ ಎಂದೇ ಬರೆಯುತ್ತೇನೆ.

ಕೈ ಹಾಕುವ ಮುನ್ನ

ಕರಡಿನ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿಡಿ. ನಿರೂಪಣೆಯ ರಿಪೇರಿ ಅಕ್ಷರ ತಿದ್ದಿದ ಹಾಗಲ್ಲ. ಒಂದು ‘ಅವಳು’ ಬದಲಾದರೆ ಕೆಳಗಿನ ನಾಲ್ಕು ವಾಕ್ಯ ಅಲುಗಾಡುತ್ತವೆ, ನಾಲ್ಕು ದಿನ ಬಿಟ್ಟು ‘ಹಳೆಯದೇ ಚೆನ್ನಾಗಿತ್ತು’ ಅನಿಸುವುದು ಮಾಮೂಲು.

ಮೊದಲ ಕರಡು ಮುಗಿಯುವ ಮುಂಚೆ ಇದಾವುದನ್ನೂ ಮಾಡಬೇಡಿ. ಅರ್ಧ ಬರೆದ ಕಥೆಯಲ್ಲಿ ನಿರೂಪಕ ಯಾರೆಂದು ಬರೆಯುತ್ತಿರುವವರಿಗೇ ಪೂರ್ತಿ ಗೊತ್ತಿರುವುದಿಲ್ಲ. ಆಗ ತಿದ್ದಲು ಹೋದರೆ ಮೊದಲ ಎಂಟು ಪುಟ ಹೊಳೆಯುತ್ತದೆ, ಒಂಬತ್ತನೇ ಪುಟ ಹುಟ್ಟುವುದೇ ಇಲ್ಲ.

ಇನ್ನೊಂದು: ಎಲ್ಲವನ್ನೂ ‘ನಾನು’ ಎಂದು ಬದಲಾಯಿಸಿ ತಪ್ಪಿಸಿಕೊಳ್ಳುವ ಆಸೆ ಬರುತ್ತದೆ. ಅದಕ್ಕೆ ಇವತ್ತೇ ಬಲಿಯಾಗಬೇಡಿ.

ಲಕ್ಷಣ: ‘ಇದು ಯಾರ ಯೋಚನೆ?’ ಎಂದು ಎರಡು ಸಾಲು ಹಿಂದೆ ಹೋಗಿ ಓದಬೇಕಾಗುತ್ತದೆ

ಅತ್ಯಂತ ಸಾಮಾನ್ಯ ದೋಷ ಇದು, ಅತ್ಯಂತ ಅಗ್ಗದ ರಿಪೇರಿಯೂ ಇದೇ. ಹತ್ತರಲ್ಲಿ ಏಳು ಸಲ ಕೆಟ್ಟಿರುವುದು ಸರ್ವನಾಮ, ನಿರೂಪಣೆಯಲ್ಲ. ಈ ತುಣುಕು ನೋಡಿ. ಉದಾಹರಣೆಗೆಂದೇ ಕೆಡಿಸಿ ಬರೆದದ್ದು:

‘ಗಿರಿಜ ಬಾಗಿಲು ತಟ್ಟಿದಳು. ಒಳಗೆ ಯಾರೂ ಇಲ್ಲವೇನೋ ಎಂದು ಅವಳಿಗೆ ಅಳುಕಾಯಿತು. ಪದ್ಮ ಬಾಗಿಲು ತೆಗೆದಳು. ಎಷ್ಟು ಸೊರಗಿದ್ದಾಳೆ ಎಂದು ಅವಳಿಗೆ ಅನಿಸಿತು. ತನ್ನ ಮೇಲೆ ಅವಳಿಗೆ ಇನ್ನೂ ಸಿಟ್ಟಿದೆ ಎಂದೂ ಗೊತ್ತಾಯಿತು. ಅಪ್ಪ ಒಳಗಿನಿಂದ ಕೆಮ್ಮಿದರು. ಮಗಳ ದನಿ ಕೇಳಿ ಅವರಿಗೆ ಏಳಬೇಕೆನಿಸಿತು, ಆದರೆ ಮೊಣಕಾಲು ಬಿಡಲಿಲ್ಲ.’

ಸೊರಗಿದ್ದು ಯಾರು, ಹಾಗೆಂದುಕೊಂಡಿದ್ದು ಯಾರು? ಸಿಟ್ಟು ಯಾರಿಗೆ, ಯಾರ ಮೇಲೆ? ಬರೆದವರಿಗೆ ಗೊತ್ತು, ಪುಟಕ್ಕೆ ಗೊತ್ತಿಲ್ಲ.

ಮೊದಲ ಪರೀಕ್ಷೆ. ಪುಟದಲ್ಲಿರುವ ಪ್ರತಿ ‘ತಾನು, ತನ್ನ, ತನಗೆ’ಗಳಿಗೆ ಅಡಿಗೆರೆ ಎಳೆಯಿರಿ. ಈ ಒಂದು ಪದ ಕನ್ನಡದ ಕಥೆಗಾರರಿಗೆ ಸಿಕ್ಕಿರುವ ದೊಡ್ಡ ಅನುಕೂಲ. ‘ಪದ್ಮ ತನ್ನನ್ನು ಮರೆತಿಲ್ಲ ಎಂದು ಗಿರಿಜಳಿಗೆ ಗೊತ್ತಿತ್ತು’ ಎಂದರೆ ‘ತನ್ನನ್ನು’ ಗಿರಿಜಳನ್ನೇ ತೋರಿಸುತ್ತದೆ, ನಾವು ಇರುವುದು ಅವಳ ತಲೆಯೊಳಗೆ. ಯಾರು ತಿಳಿಯುತ್ತಿದ್ದಾರೋ, ಯಾರಿಗೆ ಅನಿಸುತ್ತಿದೆಯೋ ಅವರಿಗೆ ‘ತಾನು’ ಅಂಟಿಕೊಳ್ಳುತ್ತದೆ. ಹಾಗಾಗಿ ಪ್ರತಿ ‘ತಾನು’ವಿನ ಪಕ್ಕ ಅಂಚಿನಲ್ಲಿ ಒಂದು ಹೆಸರು ಬರೆಯಿರಿ. ಬರೆಯುವಾಗ ಕೈ ತಡೆದರೆ ದೋಷ ಅಲ್ಲೇ ಇದೆ. ಮೇಲಿನ ತುಣುಕಿನಲ್ಲಿ ‘ತನ್ನ ಮೇಲೆ ಅವಳಿಗೆ’ ಎಂಬಲ್ಲಿ ಕೈ ತಡೆಯುತ್ತದೆ, ಏಕೆಂದರೆ ಅದರ ಹಿಂದಿನ ‘ಅವಳಿಗೆ ಅನಿಸಿತು’ ಯಾರದ್ದೆಂದು ತೀರ್ಮಾನವಾಗಿಲ್ಲ. ಪರಿಹಾರ ಇಷ್ಟೇ: ಮನಸ್ಸು ಬದಲಾದ ಕಡೆ ಸರ್ವನಾಮ ತೆಗೆದು ಹೆಸರು ಹಾಕಿ. ಒಂದೇ ಲಿಂಗದ ಇಬ್ಬರು ಎದುರುಬದುರಾದ ದೃಶ್ಯದಲ್ಲಿ ಹೆಸರು ಹೆಚ್ಚಾಯಿತೆಂದು ನಾಚಿಕೊಳ್ಳಬೇಡಿ, ಓದುಗರು ಹೆಸರನ್ನು ಎಣಿಸುವುದಿಲ್ಲ.

ಎರಡನೇ ಪರೀಕ್ಷೆ ಸಂಬಂಧವಾಚಕಗಳದ್ದು. ‘ಅಪ್ಪ ಒಳಗಿನಿಂದ ಕೆಮ್ಮಿದರು’ ಎಂಬ ವಾಕ್ಯ ಗಿರಿಜಳ ಬಾಯಿಯದ್ದು. ಸರ್ವಜ್ಞ ನಿರೂಪಕನಿಗೆ ಆ ಮನುಷ್ಯ ಅಪ್ಪನಲ್ಲ, ರಾಮಣ್ಣ. ಮರುವಾಕ್ಯದಲ್ಲಿ ನಾವು ರಾಮಣ್ಣನ ಮೊಣಕಾಲಿನೊಳಗೆ ಇದ್ದೇವೆ, ಕರೆದದ್ದು ಮಾತ್ರ ಮಗಳ ಹೆಸರಿನಿಂದ. ತನ್ನ ನೋವನ್ನು ‘ಅಪ್ಪನ ನೋವು’ ಎಂದು ಯಾವ ಮುದುಕನೂ ಅಂದುಕೊಳ್ಳುವುದಿಲ್ಲ. ಅಪ್ಪ, ಅತ್ತೆ, ಯಜಮಾನರು, ಸಣ್ಣವನು ಇವೆಲ್ಲ ಯಾರೋ ಒಬ್ಬರ ಕಣ್ಣಿನಿಂದ ಹೊರಟ ಪದಗಳು. ನಿರೂಪಕನ ಪದ ಯಾವುದು, ಪಾತ್ರದ ಪದ ಯಾವುದು ಎಂದು ಕಥೆಯ ಶುರುವಿನಲ್ಲೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಇದೇ ಚೀಟಿಯ ಎರಡನೇ ಸಾಲು ಏಕವಚನ ಬಹುವಚನಗಳಿಗೆ. ‘ರಾಮಣ್ಣ ಎದ್ದ’ ಎಂದು ಒಂದು ಪುಟದಲ್ಲಿ, ‘ರಾಮಣ್ಣ ಎದ್ದರು’ ಎಂದು ಮುಂದಿನ ಪುಟದಲ್ಲಿ ಇದ್ದರೆ ಓದುಗರಿಗೆ ಕಥೆ ಹೇಳುವವರು ಬದಲಾದರೇನೋ ಎಂಬ ಅನುಮಾನ ಹುಟ್ಟುತ್ತದೆ. ಇಂಗ್ಲಿಷ್ ಕೈಪಿಡಿಗಳಲ್ಲಿ ಈ ದೋಷದ ಸುದ್ದಿಯೇ ಇರುವುದಿಲ್ಲ. ಅವರಿಗೆ ಇರುವುದು ಒಂದೇ ‘ಹೀ’, ನಮಗೆ ಅವನು, ಅವರು, ಆತ, ಇವನು, ಇವರು ಎಲ್ಲವೂ ಇವೆ. ನಿರೂಪಕ ಎಲ್ಲರನ್ನೂ ಏಕವಚನದಲ್ಲಿ ಕರೆಯಬಹುದು, ವಯಸ್ಸು ನೋಡಿ ಮರ್ಯಾದೆ ಕೊಡಬಹುದು, ಎರಡೂ ಸರಿ. ಒಮ್ಮೆ ಆರಿಸಿಕೊಂಡ ಮೇಲೆ ಬದಲಾಯಿಸುವುದಾದರೆ ಅದಕ್ಕೊಂದು ಕಾರಣ ಬೇಕು. ಉದ್ದಕ್ಕೂ ‘ರಾಮಣ್ಣ ಎದ್ದರು, ರಾಮಣ್ಣ ಹೇಳಿದರು’ ಎಂದು ಬಂದು, ಸಾಲ ಕೊಟ್ಟವನು ಬಾಗಿಲಲ್ಲಿ ನಿಂತಾಗ ‘ಮುದುಕ ಏಳುವ ಲಕ್ಷಣವೇ ಇಲ್ಲ’ ಎಂದು ಬರೆದರೆ ಅದು ಸಾಲ ಕೊಟ್ಟವನ ಮನಸ್ಸು ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ಮರ್ಯಾದೆ ಕಳಚಿದ್ದೇ ಸೂಚನೆ.

ಈ ಎರಡು ಪರೀಕ್ಷೆಯಲ್ಲಿ ಗೊಂದಲ ತೀರಿದರೆ ಇಲ್ಲಿಗೇ ನಿಲ್ಲಿಸಿ.

ಲಕ್ಷಣ: ಹೆಸರೆಲ್ಲ ಸರಿಯಿದೆ, ಆದರೂ ದೃಶ್ಯ ಓದಿದರೆ ತಲೆ ಸುತ್ತುತ್ತದೆ

ಇದನ್ನು ಸಾಮಾನ್ಯವಾಗಿ ‘ತಲೆಯಿಂದ ತಲೆಗೆ ಜಿಗಿಯುವುದು’ ಎನ್ನುತ್ತಾರೆ, ಹೇಳಿದ ಕೂಡಲೇ ‘ಒಂದು ದೃಶ್ಯಕ್ಕೆ ಒಂದೇ ತಲೆ’ ಎಂಬ ಔಷಧಿಯನ್ನೂ ಬರೆದುಕೊಡುತ್ತಾರೆ. ನನಗೆ ಆ ಔಷಧಿಯ ಮೇಲೆ ನಂಬಿಕೆಯಿಲ್ಲ. ಹಾಗೆ ನೋಡಿದರೆ ಟಾಲ್‌ಸ್ಟಾಯ್ ‘ಅನ್ನಾ ಕರೆನಿನಾ’ದ ಬೇಟೆಯ ಪ್ರಸಂಗದಲ್ಲಿ ಲೆವಿನ್‌ನ ಮನಸ್ಸಿನಿಂದ ಹೊರಟು ಅವನ ನಾಯಿ ಲಾಸ್ಕಾಳ ಮನಸ್ಸಿಗೂ ಹೊಕ್ಕಿದ್ದಾನೆ. ಹಕ್ಕಿ ಇರುವ ದಿಕ್ಕು ನಾಯಿಗೆ ಗೊತ್ತು, ಯಜಮಾನ ತಪ್ಪು ದಿಕ್ಕು ತೋರಿಸುತ್ತಾನೆ, ಅದಕ್ಕೆ ಪೇಚು. ಓದುವಾಗ ಯಾರೂ ಎಡವುವುದಿಲ್ಲ. 1967ರಲ್ಲಿ ಬಂದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಒಂದು ಮನೆಯಿಂದ ಇನ್ನೊಂದಕ್ಕೆ, ಒಂದು ಮನಸ್ಸಿನಿಂದ ಇನ್ನೊಂದಕ್ಕೆ ಸರಾಗವಾಗಿ ಓಡಾಡುತ್ತದೆ. ಎಷ್ಟು ತಲೆಗೆ ಹೊಕ್ಕಿದ್ದೀರಿ ಎಂಬ ಲೆಕ್ಕದಿಂದ ರೋಗ ಗೊತ್ತಾಗುವುದಿಲ್ಲ. ಹೊಗುತ್ತಿರುವವನು ಯಾರು ಎಂದು ಓದುಗರಿಗೆ ಗೊತ್ತಿದೆಯೇ ಎಂದು ನೋಡಬೇಕು.

ಪರೀಕ್ಷೆ ಹೀಗೆ. ದೃಶ್ಯದ ಮೊದಲ ಐದಾರು ವಾಕ್ಯ ಓದಿ. ಅಲ್ಲಿ ಯಾವ ಪಾತ್ರದ್ದೂ ಅಲ್ಲದ, ಕೇವಲ ನಿರೂಪಕನಿಗೆ ಸೇರಿದ ಒಂದು ವಾಕ್ಯವಾದರೂ ಇದೆಯೇ? ಕೆಡಿಸಿ ಬರೆದ ತುಣುಕಿನಲ್ಲಿ ಇಲ್ಲ. ಅದು ನೇರ ಗಿರಿಜಳ ಅಳುಕಿನಿಂದ ಶುರುವಾಗುತ್ತದೆ, ಹಾಗಾಗಿ ಓದುಗರು ‘ಸರಿ, ಇದು ಗಿರಿಜಳ ಕಥೆ’ ಎಂದು ಅವಳೊಳಗೆ ಕೂತುಬಿಡುತ್ತಾರೆ. ನಾಲ್ಕನೇ ವಾಕ್ಯದಲ್ಲಿ ಎಬ್ಬಿಸಿ ಪದ್ಮಳೊಳಗೆ ಕೂರಿಸುತ್ತೀರಿ, ಏಳನೆಯದರಲ್ಲಿ ಮುದುಕನೊಳಗೆ. ತಲೆ ಸುತ್ತುವುದು ಇದಕ್ಕೇ.

ಅದೇ ಸಂಗತಿಯನ್ನು ನಿರೂಪಕನೊಬ್ಬ ನಿಂತು ಹೇಳಿದರೆ:

‘ಆ ಬಾಗಿಲಿನ ಎರಡು ಕಡೆಯೂ ಅವತ್ತು ಹೆದರಿದವರೇ ನಿಂತಿದ್ದರು. ಹೊರಗೆ ಗಿರಿಜ, ಎರಡು ಸಲ ತಟ್ಟಿ, ಮೂರನೇ ಸಲಕ್ಕೆ ಎತ್ತಿದ ಕೈಯನ್ನು ಹಾಗೇ ಇಟ್ಟುಕೊಂಡಿದ್ದಳು. ಒಳಗೆ ಪದ್ಮ, ಚಿಲಕದ ಮೇಲೆ ಬೆರಳಿಟ್ಟು, ನಾದಿನಿಗೆ ತನ್ನ ಮೇಲೆ ಇನ್ನೂ ಸಿಟ್ಟಿದ್ದರೆ ಮೊದಲ ಮಾತು ಏನಾಡುವುದೆಂದು ಹುಡುಕುತ್ತಿದ್ದಳು. ಇಬ್ಬರಿಗಿಂತ ಹೆಚ್ಚು ಹೆದರಿದ್ದವರು ಒಳಕೋಣೆಯ ರಾಮಣ್ಣ. ಮಗಳ ತಟ್ಟುವಿಕೆಯ ಗುರುತು ಅವರಿಗೆ ಸಿಕ್ಕಿತ್ತು. ಏಳಲು ಮೊಣಕಾಲು ಬಿಡುತ್ತಿಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ಬೆಳಿಗ್ಗೆ ಅದೇ ಮೊಣಕಾಲಿನಲ್ಲಿ ಎರಡು ಸಲ ಮಹಡಿ ಹತ್ತಿ ಇಳಿದಿದ್ದರು.’

ಇಲ್ಲಿಯೂ ಮೂರು ತಲೆ. ಮೊದಲ ವಾಕ್ಯ ಬಾಗಿಲಿನ ಎರಡೂ ಕಡೆ ಕಾಣುವವನದ್ದು, ಅವನು ಯಾವ ಪಾತ್ರವೂ ಆಗಿರಲು ಸಾಧ್ಯವಿಲ್ಲ. ಅವನು ಮುಂದೆ ಯಾರೊಳಗೆ ಹೊಕ್ಕರೂ ಓದುಗರು ಅವನ ಹೆಗಲ ಮೇಲೆ ಕೂತೇ ಹೋಗುತ್ತಾರೆ. ಹೊರಗೆ, ಒಳಗೆ, ಒಳಕೋಣೆ ಎಂದು ಚಲನೆಗೆ ದಾರಿಯಿದೆ. ಕೊನೆಯ ವಾಕ್ಯ ಗಮನಿಸಿ: ಮೊಣಕಾಲು ನೆಪ ಎಂದು ರಾಮಣ್ಣ ಒಪ್ಪಿಕೊಂಡಿಲ್ಲ, ಪದ್ಮಳಿಗೆ ತಿಳಿದಿಲ್ಲ, ಗಿರಿಜಳಿಗೆ ತಿಳಿಯುವುದೂ ಇಲ್ಲ. ಸರ್ವಜ್ಞನನ್ನು ಕರೆತಂದದ್ದಕ್ಕೆ ಇಂಥ ವಾಕ್ಯಗಳೇ ಕೂಲಿ. ನಿಮ್ಮ ದೃಶ್ಯದಲ್ಲಿ ಇಂಥದ್ದು ಒಂದೂ ಇಲ್ಲದಿದ್ದರೆ ನಿಮಗೆ ಸರ್ವಜ್ಞ ಬೇಕಾಗಿಯೇ ಇಲ್ಲದಿರಬಹುದು.

ಜಾಗ ಬದಲಾಯಿಸುವಾಗ ಕೀಲು ಬೇಕು. ಇಬ್ಬರೂ ನೋಡುತ್ತಿರುವ ಒಂದು ವಸ್ತು, ಇಬ್ಬರೂ ಕೇಳಿದ ಒಂದು ಸದ್ದು, ಬಾಗಿಲು, ಕೆಮ್ಮು, ಯಾವುದಾದರೂ ಆದೀತು. ಗಿರಿಜ ಕೆಮ್ಮು ಕೇಳಿದಳು, ಕೆಮ್ಮಿದವರ ಹತ್ತಿರ ನಾವು ಹೋದೆವು. ‘ಬಂದಳು’, ‘ಹೋದಳು’ಗಳನ್ನೂ ಒಮ್ಮೆ ನೋಡಿಬಿಡಿ. ‘ಪದ್ಮ ಒಳಗೆ ಬಂದಳು’ ಎಂದರೆ ನಾವು ಒಳಗಿದ್ದೇವೆ, ‘ಒಳಗೆ ಹೋದಳು’ ಎಂದರೆ ಹೊರಗೆ. ಕೀಲು ಇಲ್ಲದೆ ಇವು ಅದಲುಬದಲಾದರೆ ಓದುಗರ ಕಾಲ ಕೆಳಗಿನ ನೆಲ ಸರಿಯುತ್ತದೆ.

ಲಕ್ಷಣ: ಇದು ಸರ್ವಜ್ಞವೋ ಸೀಮಿತವೋ ಎಂದೇ ತಿಳಿಯುತ್ತಿಲ್ಲ

ಈ ತೊಂದರೆ ಬರೆಯುವವರಿಗಿಂತ ಓದುವವರಿಗೆ, ವಿದ್ಯಾರ್ಥಿಗಳಿಗೆ ಹೆಚ್ಚು. ‘ಅವನು’ ಎಂದಿದೆ, ಆದ್ದರಿಂದ ಸರ್ವಜ್ಞ ಎಂದು ಬರೆದುಬಿಡುತ್ತಾರೆ. ‘ಅವನು’ ಎಂಬುದರಿಂದ ಏನೂ ತಿಳಿಯುವುದಿಲ್ಲ. ಇಡೀ ಕಾದಂಬರಿಯನ್ನು ‘ಅವನು’ ಎಂದು ಬರೆದೂ ಒಬ್ಬನ ತಲೆಯಿಂದ ಒಂದು ಹೆಜ್ಜೆ ಆಚೆ ಇಡದಿರಬಹುದು.

ಫ್ರೆಂಚ್ ವಿಮರ್ಶಕ ಜೆರಾರ್ ಜೆನೆಟ್ 1972ರಲ್ಲಿ ಈ ಗೋಜಲನ್ನು ಎರಡು ಪ್ರಶ್ನೆಯಾಗಿ ಒಡೆದ: ಮಾತಾಡುತ್ತಿರುವವರು ಯಾರು? ಕಾಣುತ್ತಿರುವವರು ಯಾರು? ಯಾವ ಪಾತ್ರಕ್ಕೆ ಗೊತ್ತಿರುವುದಕ್ಕಿಂತಲೂ ನಿರೂಪಕ ಹೆಚ್ಚು ಹೇಳಿದರೆ ಅದು ಒಬ್ಬರ ಕಣ್ಣಿಗೆ ಕಟ್ಟಿಹಾಕದ ನಿರೂಪಣೆ, ಅಂದರೆ ನಾವು ಸರ್ವಜ್ಞ ಎನ್ನುವುದು. ಪಾತ್ರಕ್ಕೆ ಗೊತ್ತಿರುವಷ್ಟನ್ನೇ ಹೇಳಿದರೆ ಸೀಮಿತ. ಪಾತ್ರಕ್ಕಿಂತ ಕಡಿಮೆ ಹೇಳಿ, ಕಣ್ಣಿಗೆ ಕಂಡದ್ದು ಕಿವಿಗೆ ಕೇಳಿದ್ದು ಮಾತ್ರ ಕೊಟ್ಟರೆ ಹೊರಗಿನಿಂದ ನೋಡಿದ್ದು.

ಇದರಿಂದ ಒಂದು ಸುಲಭ ಪರೀಕ್ಷೆ ಸಿಗುತ್ತದೆ. ಕಥೆಯಲ್ಲಿರುವ ಯಾರಿಗೂ ಗೊತ್ತಿರಲು ಸಾಧ್ಯವಿಲ್ಲದ ಒಂದು ವಾಕ್ಯ ಹುಡುಕಿ. ‘ಅದು ಅವರಿಬ್ಬರ ಕೊನೆಯ ಭೇಟಿ ಎಂದು ಇಬ್ಬರಿಗೂ ಗೊತ್ತಿರಲಿಲ್ಲ’ ಎಂಬಂಥದ್ದು. ಸಿಕ್ಕಿದರೆ ಸರ್ವಜ್ಞ. ಸಿಗದಿದ್ದರೆ ಅಂಚಿನಲ್ಲಿ ಬರೆದ ಹೆಸರುಗಳನ್ನು ಎಣಿಸಿ. ಎಲ್ಲ ಯೋಚನೆಗಳೂ ಒಬ್ಬರವೇ ಆದರೆ ಸೀಮಿತ. ಅಧ್ಯಾಯಕ್ಕೊಬ್ಬರಂತೆ ಬದಲಾಗುತ್ತಾ, ಆಯಾ ಅಧ್ಯಾಯದೊಳಗೆ ಒಬ್ಬರೇ ಇದ್ದರೆ ಅದೂ ಸೀಮಿತವೇ, ಸೀಮಿತಗಳ ಸಾಲು ಅಷ್ಟೆ. ಇದನ್ನು ಸರ್ವಜ್ಞ ಎಂದು ಕರೆಯುವ ತಪ್ಪು ಪರೀಕ್ಷೆಯ ಉತ್ತರಗಳಲ್ಲಿ ತುಂಬಾ ಸಾಮಾನ್ಯ.

ಸಣ್ಣ ಪದಗಳೂ ಸಾಕ್ಷಿ ಹೇಳುತ್ತವೆ. ‘ರಾಮಣ್ಣನಿಗೆ ಬೇಸರವಾಗಿರಬೇಕು’, ‘ಬಹುಶಃ ನಿದ್ದೆ ಬಂದಿರಲಿಲ್ಲ’, ‘ಹೆದರಿದ ಹಾಗೆ ಕಂಡರು’: ಹೀಗೆ ಊಹಿಸುವವನು ಆ ತಲೆಯೊಳಗೆ ಇಲ್ಲ. ಇನ್ನು ‘ಅಂತೆ’. ‘ಆ ಮನೆಯಲ್ಲಿ ಮುಂಚೆ ಒಬ್ಬ ಗಡಿಯಾರ ರಿಪೇರಿಯವನಿದ್ದನಂತೆ’ ಎಂದ ಕೂಡಲೇ ನಿರೂಪಕನಿಗೆ ಯಾರೋ ಹೇಳಿದ್ದಾರೆ, ಅವನು ಕೇಳಿಸಿಕೊಂಡವನು, ಎಲ್ಲ ಬಲ್ಲವನಲ್ಲ. ಸರ್ವಜ್ಞ ಕಥೆಯಲ್ಲಿ ಗೊತ್ತಿಲ್ಲದೆ ನುಸುಳಿದ ಒಂದು ‘ಅಂತೆ’ ಇಡೀ ಕಟ್ಟಡಕ್ಕೆ ಬಿರುಕು. ಬೇಕೆಂದೇ ಇಟ್ಟಿದ್ದರೆ ಬೇರೆ ಮಾತು. ಊರ ಬಾಯಿಯೇ ಕಥೆ ಹೇಳುವ ಧಾಟಿಯೂ ಒಂದಿದೆ, ಅದು ಸರ್ವಜ್ಞನ ದೂರದ ನೆಂಟ. ಅಲ್ಲಿ ‘ಅಂತೆ’ಗಳು ಎಲ್ಲ ಪುಟದಲ್ಲೂ ಇರಬೇಕು, ಹದಿನೇಳನೇ ಪುಟದಲ್ಲಿ ಒಂದೇ ಒಂದು ಇದ್ದರೆ ಅದು ಜಾರಿದ್ದು.

ಲಕ್ಷಣ: ಕೊನೆಗೆ ಓದುಗರಿಗೆ ‘ಮೋಸ ಮಾಡಿದಿರಿ’ ಅನಿಸುತ್ತದೆ

ಎಲ್ಲ ಬಲ್ಲವನು ಒಂದನ್ನು ಮಾತ್ರ ಯಾಕೆ ಹೇಳಲಿಲ್ಲ? ಸರ್ವಜ್ಞ ನಿರೂಪಣೆಯ ಮೇಲೆ ಬರುವ ಅತ್ಯಂತ ನ್ಯಾಯವಾದ ದೂರು ಇದು.

ಗಿರಿಜಳ ಚೀಲದಲ್ಲಿ ಒಂದು ಪತ್ರ ಇದೆ ಎಂದುಕೊಳ್ಳಿ. ‘ಚೀಲದಲ್ಲಿದ್ದ ಪತ್ರದ ನೆನಪಾಗಿ ಅವಳ ಎದೆ ಹೊಡೆದುಕೊಂಡಿತು. ಅಪ್ಪ ಅದನ್ನು ನೋಡಿದರೆ ಏನಾಗುತ್ತದೋ!’ ಎಂದು ಬರೆದು, ಪತ್ರದಲ್ಲಿ ಏನಿದೆ ಎಂಬುದನ್ನು ಮೂವತ್ತು ಪುಟ ಮುಚ್ಚಿಟ್ಟರೆ ಅದು ಕಳ್ಳಾಟ. ಅವಳ ಎದೆಬಡಿತ ಕೇಳುವಷ್ಟು ಒಳಗೆ ಹೋದವರಿಗೆ, ಅದೇ ಕ್ಷಣ ಅವಳು ಯೋಚಿಸುತ್ತಿರುವ ಪತ್ರದ ವಿಷಯ ಮಾತ್ರ ಕಾಣಲಿಲ್ಲವೇ?

ಪರೀಕ್ಷೆ: ಗುಟ್ಟು ಯಾರಿಗೆ ಗೊತ್ತೋ ಅವರ ಮನಸ್ಸಿಗೆ, ಅದೇ ವಿಷಯವಾಗಿ, ಗುಟ್ಟು ಒಡೆಯುವ ಮೊದಲು ನಿರೂಪಕ ಹೊಕ್ಕಿದ್ದಾನೆಯೇ? ಹೊಕ್ಕಿದ್ದರೆ ದೋಷ.

ಅಗ್ಗದ ಪರಿಹಾರ: ಆ ವಾಕ್ಯ ಕಿತ್ತುಹಾಕಿ. ಗಿರಿಜ ಚೀಲವನ್ನು ಮಡಿಲಿನಿಂದ ಕೆಳಗಿಡಲಿಲ್ಲ ಎಂದು ಹೊರಗಿನಿಂದ ತೋರಿಸಿ ಸುಮ್ಮನಾಗಿ. ಇನ್ನೊಂದು ದಾರಿ ಸ್ವಲ್ಪ ದುಬಾರಿ, ನನಗೆ ಹೆಚ್ಚು ಇಷ್ಟ: ಮೊದಲೇ ಹೇಳಿಬಿಡಿ. ‘ಚೀಲದಲ್ಲಿ ಮನೆಯ ಹಕ್ಕು ಬಿಟ್ಟುಕೊಡುವ ಪತ್ರವಿತ್ತು. ಅದಕ್ಕೆ ರಾಮಣ್ಣನ ಸಹಿ ಬೀಳಬೇಕಿತ್ತು.’ ಈಗ ಅವರು ಕನ್ನಡಕ ಹುಡುಕಿದರೂ ಓದುಗರು ಉಸಿರು ಹಿಡಿಯುತ್ತಾರೆ, ಪದ್ಮ ಪೆನ್ನು ತರಲು ಎದ್ದರೆ ಇನ್ನೂ ಹೆಚ್ಚು. ಮೂವತ್ತು ಪುಟದ ಕೊನೆಗೆ ಒಮ್ಮೆ ಬೆಚ್ಚಿಬೀಳುವುದರ ಬದಲು ಮೂವತ್ತು ಪುಟವೂ ಕಾಯುವುದು ಸಿಗುತ್ತದೆ. ಮೂರನೆಯ ದಾರಿಯೂ ಇದೆ, ನಿರೂಪಕನೇ ಎದುರಿಗೆ ಬಂದು ‘ಅದನ್ನು ಆಮೇಲೆ ಹೇಳುತ್ತೇನೆ’ ಎನ್ನುವುದು. ಅದಕ್ಕೆ ಮೊದಲಿನಿಂದಲೂ ಓದುಗರ ಜೊತೆ ಹರಟುವ ನಿರೂಪಕ ಬೇಕು. ತಟ್ಟನೆ ಒಂದು ಕಡೆ ಮಾತ್ರ ಹಾಗೆ ಬಂದರೆ ಇನ್ನೂ ಅಧ್ವಾನ.

ಲಕ್ಷಣ: ಯಾರೂ ಹತ್ತಿರ ಬರುವುದಿಲ್ಲ, ಎಲ್ಲ ವರದಿಯ ಹಾಗಿದೆ

ದೂರದ ತೊಂದರೆ ಇದು. ಅಮೆರಿಕದ ಕಾದಂಬರಿಕಾರ ಜಾನ್ ಗಾರ್ಡ್ನರ್ ಬರವಣಿಗೆಯ ಕಲೆಯ ಬಗ್ಗೆ ಬರೆದ, 1983ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಓದುಗರಿಗೂ ಪಾತ್ರದ ಮನಸ್ಸಿಗೂ ನಡುವಿನ ಅಂತರವನ್ನು ಮೆಟ್ಟಿಲುಗಳಾಗಿ ತೋರಿಸಿದ್ದಾನೆ. ಕನ್ನಡದಲ್ಲಿ ಆ ಮೆಟ್ಟಿಲು ಇಳಿದು ನೋಡೋಣ:

‘ಆ ರಸ್ತೆಯ ಕೊನೆಯ ಮನೆಗೆ ಹನ್ನೆರಡು ವರ್ಷದ ಮೇಲೆ ಹೆಂಗಸೊಬ್ಬಳು ಬಂದಳು.’

‘ಗಿರಿಜ ಬಾಗಿಲ ಮುಂದೆ ನಿಂತಳು. ಬಾಗಿಲಿಗೆ ಹೊಸ ಬಣ್ಣ ಬಳಿದಿದ್ದರು.’

‘ಬಣ್ಣ ಬಳಿಯುವ ಮುಂಚೆ ತನಗೊಂದು ಮಾತು ಹೇಳಬಹುದಿತ್ತು ಎಂದು ಗಿರಿಜಳಿಗೆ ಅನಿಸಿತು.’

‘ಹಸಿರಂತೆ ಹಸಿರು! ಇವರಿಗೆ ಬೇರೆ ಬಣ್ಣವೇ ಸಿಗಲಿಲ್ಲವೇ?’

ನಾಲ್ಕನೆಯದರಲ್ಲಿ ‘ಎಂದು ಅನಿಸಿತು’ ಬಿದ್ದುಹೋಗಿದೆ. ನಿರೂಪಕನಿಗೂ ಪಾತ್ರಕ್ಕೂ ನಡುವಿನ ಚಿಲಕವೇ ಈ ‘ಎಂದು’. ಅದನ್ನು ತೆಗೆದರೆ ಮಾತು ಅರ್ಧ ನಿರೂಪಕನದ್ದು, ಅರ್ಧ ಗಿರಿಜಳದ್ದು. (ಇಲ್ಲಿಯ ‘ಅಂತೆ’ ಕೇಳಿದ ಸುದ್ದಿಯದ್ದಲ್ಲ, ಸಿಡುಕಿನದ್ದು. ಹಿಂದಿನ ಭಾಗ ಓದಿ ಯಾರಾದರೂ ಇದನ್ನೂ ಕಿತ್ತುಹಾಕಿಯಾರು ಎಂಬ ಭಯಕ್ಕೆ ಹೇಳುತ್ತಿದ್ದೇನೆ.)

ಪರೀಕ್ಷೆಗೆ ಒಂದು ಪುಟ ತೆಗೆದುಕೊಂಡು ಪ್ರತಿ ವಾಕ್ಯಕ್ಕೂ ಒಂದರಿಂದ ನಾಲ್ಕರ ಅಂಕಿ ಹಾಕಿ. ಪುಟದ ತುಂಬ ಎರಡೇ ಬಂದರೆ ವರದಿಯ ರೋಗ. ತುಂಬ ನಾಲ್ಕೇ ಬಂದರೆ ಸರ್ವಜ್ಞ ಸತ್ತು ಸೀಮಿತ ಹುಟ್ಟಿದೆ. ಒಂದರ ಪಕ್ಕದಲ್ಲೇ ನಾಲ್ಕು ಬಂದು, ಮತ್ತೆ ಒಂದಕ್ಕೆ ಓಡಿದರೆ ಮೆಟ್ಟಿಲು ತಪ್ಪಿ ಬಿದ್ದ ಅನುಭವ. ಸಾಮಾನ್ಯವಾಗಿ ದೃಶ್ಯದ ಶುರುವಿನಲ್ಲಿ ಒಂದು ಎರಡು, ಬಿಸಿ ಏರುವಾಗ ಮೂರು ನಾಲ್ಕು, ಇನ್ನೊಬ್ಬರೊಳಗೆ ಹೋಗುವ ಮುನ್ನ ಮತ್ತೆ ಎರಡಕ್ಕೆ ಹತ್ತಿಬಂದರೆ ಯಾರೂ ಎಡವುವುದಿಲ್ಲ. ಇದು ಕಾನೂನಲ್ಲ, ಅಂಕಿ ಹಾಕಿ ನೋಡಿದಾಗ ಚೆನ್ನಾಗಿರುವ ಪುಟಗಳಲ್ಲಿ ಕಾಣುವ ಮಾದರಿ.

ಲಕ್ಷಣ: ನಿರೂಪಕ ಉಪದೇಶ ಮಾಡುತ್ತಾನೆ

‘ಮನುಷ್ಯನ ಆಸೆಗೆ ಕೊನೆಯೆಂಬುದುಂಟೇ!’ ಎಂಬಂಥ ವಾಕ್ಯದ ಮೇಲೆ ಬೆರಳಿಟ್ಟು ಮುಚ್ಚಿ, ಪ್ಯಾರಾ ಓದಿ. ಏನೂ ಕಳೆದುಹೋಗದಿದ್ದರೆ ತೆಗೆಯಿರಿ. ಕಳೆದುಹೋದರೆ ಇಡಿ. ನಿರೂಪಕ ಅಭಿಪ್ರಾಯ ಹೇಳಲೇಬಾರದು ಎಂಬ ಹಟ ಇಪ್ಪತ್ತನೇ ಶತಮಾನದ ವಿಮರ್ಶೆಯಿಂದ ಬಂದದ್ದು. 1921ರಲ್ಲಿ ಇಂಗ್ಲಿಷ್ ವಿಮರ್ಶಕ ಪರ್ಸಿ ಲಬ್ಬಕ್ ‘ಹೇಳಬೇಡಿ, ತೋರಿಸಿ’ ಎಂಬ ಪಕ್ಷಕ್ಕೆ ದೊಡ್ಡ ಬಲ ಕೊಟ್ಟ. 1961ರಲ್ಲಿ ಅಮೆರಿಕದ ವಿಮರ್ಶಕ ವೇನ್ ಬೂತ್ ಅದನ್ನೇ ಎದುರು ಹಾಕಿಕೊಂಡು, ಏನು ತೋರಿಸಬೇಕೆಂದು ಆರಿಸುವುದರಲ್ಲೇ ಲೇಖಕನ ದನಿ ಇದ್ದೇ ಇರುತ್ತದೆ, ಅದನ್ನು ಪೂರ್ತಿ ಅಡಗಿಸಲಾಗದು ಎಂದು ವಾದಿಸಿದ. ನಾನು ಬೂತ್ ಕಡೆ.

ಲಕ್ಷಣ: ಎಲ್ಲರೂ ಒಂದೇ ಥರ ಯೋಚಿಸುತ್ತಾರೆ

ಐದು ಪಾತ್ರಗಳ ಯೋಚನೆಗಳನ್ನು ಹೆಸರು ತೆಗೆದು ಒಂದು ಹಾಳೆಯಲ್ಲಿ ಬರೆದು ಗಟ್ಟಿಯಾಗಿ ಓದಿ. ಯಾರದ್ದು ಯಾವುದೆಂದು ನಿಮಗೇ ತಿಳಿಯದಿದ್ದರೆ ನಿರೂಪಕ ಎಲ್ಲರ ಬಾಯಿಗೂ ತನ್ನ ಭಾಷೆಯನ್ನೇ ತುರುಕಿದ್ದಾನೆ. ಎಂಟು ವರ್ಷದ ಹುಡುಗನಿಗೆ ‘ಬದುಕಿನ ನಶ್ವರತೆ’ ಹೊಳೆದಿರುತ್ತದೆ. ಎಲ್ಲರಿಗೂ ಬೇರೆ ಬೇರೆ ಆಡುಮಾತು ಹಚ್ಚುವ ಅಗತ್ಯವಿಲ್ಲ. ಒಬ್ಬೊಬ್ಬರೂ ಏನನ್ನು ಗಮನಿಸುತ್ತಾರೆ ಎಂಬುದನ್ನು ಬದಲಾಯಿಸಿದರೆ ಸಾಕು. ಪದ್ಮ ಕೋಣೆಗೆ ಬಂದರೆ ಒರೆಸದ ನೆಲ ನೋಡುತ್ತಾಳೆ. ಗಿರಿಜ ಜಾಗ ಬದಲಾದ ಕುರ್ಚಿ ನೋಡುತ್ತಾಳೆ. ರಾಮಣ್ಣ ಬಾಗಿಲಿಗೂ ಮಂಚಕ್ಕೂ ಎಷ್ಟು ಹೆಜ್ಜೆ ಎಂದು ಎಣಿಸುತ್ತಾರೆ.

ಎಲ್ಲಿ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ಅಂಚಿನಲ್ಲಿ ಬರೆದ ಹೆಸರುಗಳಲ್ಲಿ ಒಂದೇ ಹೆಸರು ಮತ್ತೆ ಮತ್ತೆ ಬಂದು, ಉಳಿದವರು ಅಲ್ಲೊಂದು ಇಲ್ಲೊಂದು ಸಾಲಿಗೆ ಮಾತ್ರ ಬಂದಿದ್ದರೆ ರಿಪೇರಿ ನಿಲ್ಲಿಸಿ. ನಿಮ್ಮದು ಕೆಟ್ಟ ಸರ್ವಜ್ಞ ಕಥೆಯಲ್ಲ, ಸೋರುತ್ತಿರುವ ಸೀಮಿತ ಕಥೆ. ಆ ನಾಲ್ಕೈದು ಸೋರಿಕೆ ಮುಚ್ಚಿದರೆ ಕೆಲಸ ಮುಗಿಯಿತು. ನನ್ನದೇ ಒಂದು ಕಥೆಗೆ ಎರಡು ತಿಂಗಳು ನಿರೂಪಕನ ದನಿ ಹುಡುಕಿ, ಕೊನೆಗೆ ಎಣಿಸಿದಾಗ ಹೊರಗಿನವರ ಯೋಚನೆ ಇದ್ದದ್ದು ಮೂರೇ ವಾಕ್ಯ. ಮೂರನ್ನೂ ಅಳಿಸಿದೆ.

ತಿದ್ದಿದ ಪುಟಗಳು ಅರ್ಧಕ್ಕಿಂತ ಹೆಚ್ಚಾದರೂ ನಿಲ್ಲಿಸಿ. ಅಷ್ಟರ ಹೊತ್ತಿಗೆ ಯಾವ ‘ಅವಳು’ ಯಾರು ಎಂದು ನಿಮಗೆ ಬಾಯಿಪಾಠವಾಗಿರುತ್ತದೆ, ದೋಷ ಕಾಣುವ ಕಣ್ಣೇ ಹೋಗಿರುತ್ತದೆ. ಎರಡು ವಾರ ಪಕ್ಕಕ್ಕಿಡಿ.

ಪರೀಕ್ಷೆಗಳ ಪ್ರಕಾರ ದೋಷವಿದ್ದು, ಓದಿದವರಲ್ಲಿ ಯಾರೂ ಎಡವದಿದ್ದರೆ ಆ ಪುಟ ಮುಟ್ಟಬೇಡಿ.

ಬೇರೆಯವರ ಸಹಾಯ ಬೇಕಾದಾಗ ಸಂಪಾದಕರೇ ಆಗಬೇಕೆಂದಿಲ್ಲ, ಕಥೆಯನ್ನು ಇದುವರೆಗೂ ಓದಿರದ ಒಬ್ಬರು ಸಾಕು. ‘ಹೇಗಿದೆ?’ ಎಂದು ಕೇಳಬೇಡಿ. ತೊಂದರೆ ಕೊಡುತ್ತಿರುವ ಎರಡು ಪುಟ ಮಾತ್ರ ಕೊಟ್ಟು, ಪೆನ್ಸಿಲು ಕೊಟ್ಟು, ಯೋಚನೆ ಬಂದ ಕಡೆಯೆಲ್ಲ ಅದು ಯಾರದ್ದೆಂದು ಅಂಚಿನಲ್ಲಿ ಬರೆಯಲು ಹೇಳಿ. ಯಾರದ್ದೂ ಅಲ್ಲ, ಕಥೆ ಹೇಳುವವನದ್ದು ಅನಿಸಿದ ಕಡೆ ಒಂದು ಸೊನ್ನೆ. ಆಮೇಲೆ ನಿಮ್ಮ ಪ್ರತಿಯನ್ನು ಅದರ ಪಕ್ಕದಲ್ಲಿಟ್ಟು ನೋಡಿ. ಹೆಸರುಗಳು ಹೊಂದದ ಸಾಲುಗಳನ್ನಷ್ಟೇ ತಿದ್ದಿ. ಒಂದೂ ಸೊನ್ನೆ ಇಲ್ಲದಿದ್ದರೆ ದೃಶ್ಯದ ಮೊದಲ ವಾಕ್ಯಕ್ಕೆ ಹಿಂತಿರುಗಿ.